ಕರಾವಳಿಯ ಅಕ್ಕಿ, ಮಸ್ಕತ್ತಿನ ಹಡಗು

ನಮ್ಮ ಪಡುಗಡಲಿನ ವಾಣಿಜ್ಯದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಎರಡು ಸರಕುಗಳ ಮೇಲೆಯೇ ತಮ್ಮ ದೃಷ್ಟಿಯನ್ನು ನಿಲ್ಲಿಸಿರುತ್ತಾರೆ: ಪೋರ್ಚುಗೀಸರನ್ನು ಆಫ್ರಿಕದ ತೆಂಕಣ ತುದಿಯನ್ನು ಬಳಸಿಕೊಂಡು ಇಲ್ಲಿಯವರೆಗೆ ಬರಿಸಿದ ಕರಿಮೆಣಸು ಒಂದು, ವಿಜಯನಗರದ ಅರಸರು ಹೊನ್ನನ್ನು ಸುರಿದು ಕೊಂಡ ಅರಬೀ ಕುದುರೆ ಮತ್ತೊಂದು. ಇವೆರಡರ ಮಹತ್ವವನ್ನು ಅಲ್ಲಗಳೆಯುವಂತಿಲ್ಲ. ಆದರೆ ಮಂಗಳೂರು, ಬಾರಕೂರು, ಬಸರೂರು, ಭಟ್ಕಳ, ಹೊನ್ನಾವರಗಳ ಅಳಿವೆಗಳನ್ನು ದಾಟಿ ಹೊರ್ಮುಜ್ ಮಸ್ಕತ್ತುಗಳ ಕಡೆಗೆ ಹಾಯಿ ಬಿಚ್ಚಿದ ಹಡಗುಗಳ ಒಡಲನ್ನು ತುಂಬಿದ್ದು, ಕರಾವಳಿಯ ಗದ್ದೆಗಳಲ್ಲಿ ಬೆಳೆದು ಬೈಹುಲ್ಲಿನಲ್ಲಿ ಕಟ್ಟಲ್ಪಟ್ಟ ಸಾಮಾನ್ಯವಾದ ಅಕ್ಕಿ. ಕುದುರೆಯು ಅರಸನಿಗೆ ಬೇಕಾಗಿದ್ದಿತು. ಮೆಣಸು ದೂರದೇಶದ ಧನಿಕರಿಗೆ ಬೇಕಾಗಿದ್ದಿತು. ಅಕ್ಕಿಯಾದರೋ ಎದುರು ದಡದ ಎಲ್ಲರಿಗೂ, ದಿನವೂ ಬೇಕಾಗಿದ್ದಿತು. ರಾಜ್ಯಗಳು ಅಳಿದು ಕಡಲಿನ ಒಡೆತನವು ಕೈಯಿಂದ ಕೈಗೆ ಹೋದರೂ ಈ ಎರಡು ನೆರೆನಾಡುಗಳ ನಂಟು ಕಡಿಯದೆ ಉಳಿದುದಕ್ಕೆ ಈ ನಿತ್ಯದ ಅಗತ್ಯವೇ ಮುಖ್ಯ ಕಾರಣವೆಂದು ನಾನು ನಂಬುತ್ತೇನೆ. ಅದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಎರಡು ದಡಗಳ ಪ್ರಕೃತಿಯನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಈ ವ್ಯಾಪಾರದ ಮೂಲವು ತಾನಾಗಿಯೇ ವಿಶದವಾಗುವುದು. ಒಮಾನಿನ ಕರಾವಳಿಯಲ್ಲಿ ಬೋಳು ಬಂಡೆಗಳ ಬೆಟ್ಟಗಳು ಕಡಲಿನ ಅಂಚಿನವರೆಗೂ ಇಳಿದು ಬಂದಿವೆ. ಮಸ್ಕತ್ತು ಅಂತಹ ಬೆಟ್ಟಗಳ ನಡುವೆ ಅಡಗಿದ, ಗಾಳಿಯ ಹೊಡೆತ ತಾಗದ ಸುಂದರವಾದ ರೇವು. ಹಡಗಿಗೆ ಅದಕ್ಕಿಂತ ಕ್ಷೇಮವಾದ ತಾಣವು ದೊರೆಯುವುದು ಕಷ್ಟ, ನೇಗಿಲಿಗೆ ಅದಕ್ಕಿಂತ ನಿರುಪಯುಕ್ತವಾದ ನೆಲವು ದೊರೆಯುವುದೂ ಕಷ್ಟ. ಒಳನಾಡಿನ ನೀರಾಸರೆಗಳಲ್ಲಿ ಖರ್ಜೂರವು ಸಮೃದ್ಧವಾಗಿ ಬೆಳೆಯುವುದಾದರೂ ಧಾನ್ಯವು ಆ ಜನಕ್ಕೆ ಸಾಲುವಷ್ಟಿರಲಿಲ್ಲ. ಇನ್ನು ಪಾರಸಿಕ ಖಾರಿಯ ಬಾಯಲ್ಲಿರುವ ಹೊರ್ಮುಜ್ ಉಪ್ಪಿನ ಗುಡ್ಡಗಳ ದ್ವೀಪ. ಕುಡಿಯುವ ನೀರನ್ನು ಕೂಡ ಹೊರಗಿನಿಂದ ತರಿಸಿಕೊಳ್ಳುತ್ತಿದ್ದ ಆ ದ್ವೀಪವು ಕೇವಲ ತನ್ನ ಸ್ಥಾನಬಲದಿಂದ ಏಷ್ಯದ ಮಹಾಪಟ್ಟಣಗಳಲ್ಲಿ ಒಂದಾಗಿ ಮೆರೆಯಿತು. ಈಚೆಯ ದಡದಲ್ಲಿಯಾದರೋ ಸಹ್ಯಾದ್ರಿಗೆ ತಾಗಿದ ಮೋಡಗಳು ಸುರಿದ ಮಳೆಯೆಲ್ಲವೂ ನೇತ್ರಾವತಿ, ಸೀತಾ, ವಾರಾಹಿ, ಶರಾವತಿ ಮೊದಲಾದ ನದಿಗಳಾಗಿ ಕೆಲವೇ ಹರದಾರಿಗಳ ದೂರವನ್ನು ಹರಿದು ಕಡಲನ್ನು ಸೇರುತ್ತದೆ. ಆ ನದಿಗಳ ಇಕ್ಕೆಲಗಳಲ್ಲಿ ಗದ್ದೆ, ಗದ್ದೆಯ ಅಂಚಿನಲ್ಲಿ ತೆಂಗು, ತೆಂಗಿನ ಆಚೆಗೆ ಅಡಕೆಯ ತೋಟ. ಒಂದು ದಡದ ಕೊರತೆಯು ಇನ್ನೊಂದು ದಡದ ಮಿಗತೆಯಾಗಿರುವಾಗ, ನಡುವಿನ ಕಡಲು ಅವೆರಡನ್ನು ಬೇರ್ಪಡಿಸದೆ ಕೂಡಿಸಿತು.

ಕೂಡಿಸಿದ್ದು ಗಾಳಿ. ಜ್ಯೇಷ್ಠದಿಂದ ಶ್ರಾವಣದವರೆಗೆ ನೈಋತ್ಯದ ಮಾರುತವು ಬೀಸುವಾಗ ನಮ್ಮ ಬಂದರುಗಳು ಮುಚ್ಚಿಹೋಗುತ್ತಿದ್ದವು. ಅಳಿವೆಗಳ ಮೇಲೆ ತೆರೆಗಳು ಮುರಿಯುತ್ತಿರುವಾಗ ಹೊರಹೋಗುವ ಸಾಹಸವನ್ನು ಯಾವ ನಾವಿಕನೂ ಮಾಡುತ್ತಿರಲಿಲ್ಲ. ಶ್ರಾವಣದ ನೂಲಹುಣ್ಣಿಮೆಯ ವೇಳೆಗೆ ಕಡಲಿಗೆ ಹಾಲನ್ನೂ ತೆಂಗಿನಕಾಯಿಯನ್ನೂ ಅರ್ಪಿಸಿ ಪೂಜೆ ಮಾಡುವ ಸಂಪ್ರದಾಯವು ಕರಾವಳಿಯ ಮೊಗವೀರರಲ್ಲಿ ಇಂದಿಗೂ ಇದೆ; ಕಡಲು ಮತ್ತೆ ಮನುಷ್ಯನಿಗೆ ದಾರಿಯನ್ನು ಬಿಡುವ ಕಾಲದ ಗುರುತು ಅದು. ಮಳೆಗಾಲದ ಕೊನೆಯ ಗಾಳಿಯನ್ನು ಹಿಡಿದು ಅರಬೀ ಹಡಗುಗಳು ಇತ್ತ ಬರುತ್ತಿದ್ದವು. ಕಾರ್ತಿಕದ ತರುವಾಯ ಈಶಾನ್ಯದ ಗಾಳಿಯು ನೆಲೆಗೊಂಡಾಗ ಸರಕು ತುಂಬಿಕೊಂಡು ಹಿಂದಿರುಗುತ್ತಿದ್ದವು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ತುಳುನಾಡಿನ ಗದ್ದೆಗಳಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳು. ತಗ್ಗಿನ ಬೈಲುಗದ್ದೆಯಲ್ಲಿ ಮೂರೂ ಬೆಳೆಯುತ್ತವೆ, ಮಧ್ಯದ ಮಜಲಿನಲ್ಲಿ ಎರಡು, ಎತ್ತರದ ಬೆಟ್ಟುಗದ್ದೆಯಲ್ಲಿ ಒಂದೇ. ಇವುಗಳಲ್ಲಿ ಹಿರಿದಾದ ಏಣೆಲಿನ ಕೊಯ್ಲು ಮಳೆಯು ಹಿಂಜರಿಯುವ ದಿನಗಳಲ್ಲಿ ನಡೆಯುತ್ತದೆ. ಎಂದರೆ, ಕಡಲು ತೆರೆದು ಪರದೇಶದ ಹಡಗುಗಳು ದಡಕ್ಕೆ ಬರುವುದಕ್ಕೂ ಹೊಸ ಅಕ್ಕಿಯು ಕಣಜವನ್ನು ಸೇರುವುದಕ್ಕೂ ಒಂದೇ ಕಾಲ. ತಿರುಗುಗಾಳಿಯು ಬೀಸಲಾರಂಭಿಸುವಷ್ಟರಲ್ಲಿ ಒಕ್ಕಿ, ಕುಟ್ಟಿ, ಕಟ್ಟಿ ಹಡಗಿಗೇರಿಸಲು ಬೇಕಾದಷ್ಟೇ ಅವಕಾಶ. ಯಾವ ಅರಸನ ಆಜ್ಞೆಯೂ ಹೊಂದಿಸಲಾರದ ಈ ಹೊಂದಾಣಿಕೆಯನ್ನು ಋತುಚಕ್ರವೇ ಹೊಂದಿಸಿಕೊಟ್ಟಿದ್ದಿತು.

ಅಕ್ಕಿಯನ್ನು ಕಟ್ಟುತ್ತಿದ್ದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕರಾವಳಿಯವರು ಅಕ್ಕಿಯನ್ನು ಮುಡಿಕಟ್ಟಿ ಇಡುತ್ತಿದ್ದರು. ಒಣಗಿದ ಬೈಹುಲ್ಲನ್ನು ಹದವಾಗಿ ಹರವಿ, ಅದರ ನಡುವೆ ಅಳೆದ ಅಕ್ಕಿಯನ್ನು ಸುರಿದು, ಹುಲ್ಲಿನ ತುದಿಗಳನ್ನು ಮೇಲಕ್ಕೆ ಮಡಚಿ, ಹುಲ್ಲಿನಿಂದಲೇ ಹೊಸೆದ ಹಗ್ಗವನ್ನು ಸುತ್ತಿ ಸುತ್ತಿ ಬಿಗಿಯುತ್ತ, ಸುತ್ತಿಗೊಮ್ಮೆ ಮರದ ಕೋಲಿನಿಂದ ಬಡಿದು ಅಕ್ಕಿಯನ್ನು ಒತ್ತರಿಸುತ್ತ ಹೋದರೆ, ಕೊನೆಗೆ ಕಲ್ಲಿನಷ್ಟು ಗಟ್ಟಿಯಾದ ದುಂಡನೆಯ ಮುಡಿಯೊಂದು ಸಿದ್ಧವಾಗುತ್ತದೆ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಹೀಗೆ ಮುಡಿಗೆ 42 ಸೇರು ಎಂಬ ಲೆಕ್ಕವು ದಕ್ಷಿಣ ಕನ್ನಡದ ಮನೆಮನೆಗೂ ಪರಿಚಿತವಾಗಿದ್ದಿತು. ಕಟ್ಟುವ ಕೈಯಲ್ಲಿ ಹದವಿದ್ದರೆ ಒಳಗೆ ತೇವವು ಸೇರದು, ಹುಳು ಹತ್ತದು; ಹೊತ್ತು ತರುವಾಗ ಜಾರಿಬಿದ್ದರೂ ಒಂದು ಕಾಳು ಹೊರಗೆ ಚೆಲ್ಲದು. ಬತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿದ ಕುಚ್ಚಲಕ್ಕಿಯಾದರಂತೂ ಕಾಳು ಬಿರುಸಾಗಿ, ಮುರಿಯದೆ, ಬಹುಕಾಲ ಕೆಡದೆ ನಿಲ್ಲುವುದು. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ಕಂಡು ಬರೆದ ಪೋರ್ಚುಗೀಸ್ ಲೇಖಕ ದುಆರ್ತೆ ಬಾರ್ಬೋಸನು ಮಂಗಳೂರಿನಿಂದ ಹೋಗುತ್ತಿದ್ದ ಕಂದುಬಣ್ಣದ ಅಕ್ಕಿಯನ್ನು ಬಿಳಿಯದಕ್ಕಿಂತ ಉತ್ತಮವೂ ಆರೋಗ್ಯಕರವೂ ಆದುದೆಂದು ಹೊಗಳಿರುವುದನ್ನು ಇಲ್ಲಿ ಸ್ಮರಿಸಬಹುದು. ಒಕ್ಕಲು ಧಣಿಗೆ ತೆರುತ್ತಿದ್ದ ಗೇಣಿಯೂ ಮುಡಿಯ ಲೆಕ್ಕದಲ್ಲಿಯೇ ಇದ್ದುದರಿಂದ, ಗದ್ದೆಯ ಅಂಗಳದಿಂದ ಬಂದರಿನ ಉಗ್ರಾಣದವರೆಗೆ ಅಳತೆಯ ಕ್ರಮವು ಬದಲಾಗಬೇಕಾದ ಪ್ರಮೇಯವಿರಲಿಲ್ಲ.

ಬಂದರುಗಳೆಂದರೆ ಇಂದಿನವರ ಕಣ್ಣಿಗೆ ತೋರುವಂತಹ ಕಲ್ಲಿನ ಧಕ್ಕೆಗಳಲ್ಲ. ಅವು ಬಹುಪಾಲು ನದೀಮುಖದಿಂದ ತುಸು ಒಳಗೆ, ಹೊಳೆಯ ದಂಡೆಯ ಮೇಲೆ ಬೆಳೆದ ಊರುಗಳು. ಬಸರೂರು ಗಂಗೊಳ್ಳಿಯ ಅಳಿವೆಯಿಂದ ಒಳಗೆ ವಾರಾಹಿಯ ದಂಡೆಯಲ್ಲಿದೆ. ಬಾರಕೂರಿಗೆ ಹಂಗಾರಕಟ್ಟೆಯ ಬಳಿ ಕಡಲ ಬಾಗಿಲು. ಮುಡಿಗಳು ಹೊಳೆಯ ದೋಣಿಗಳಲ್ಲಿ ಗದ್ದೆಯ ಬದಿಯಿಂದಲೇ ಇಳಿದು ಬರುತ್ತಿದ್ದವು. ಅಳಿವೆಯ ಮರಳದಿಣ್ಣೆಯನ್ನು ದಾಟಲಾರದ ದೊಡ್ಡ ಹಡಗುಗಳು ಹೊರಗಡಲಿನಲ್ಲಿ ಲಂಗರು ಹಾಕಿ ನಿಂತಿರುವಾಗ, ಸಣ್ಣ ದೋಣಿಗಳು ಉಬ್ಬರದ ಹೊತ್ತನ್ನು ನೋಡಿಕೊಂಡು ಸರಕನ್ನು ಅಲ್ಲಿಗೆ ಮುಟ್ಟಿಸುತ್ತಿದ್ದವು. ಹಿಂದಿನ ಕಾಲದ ಹಡಗುಗಳಲ್ಲಿ ಅನೇಕವು ಮೊಳೆ ಕಾಣದವು. ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದುಗಳಿಗೆ ಎಣ್ಣೆಯ ಲೇಪ ಬಳಿದು ಸಿದ್ಧಪಡಿಸಿದವು. ಆ ಮರವೂ ಆ ನಾರೂ ಬಹುಮಟ್ಟಿಗೆ ನಮ್ಮ ಕಡೆಯ ಕಾಡು-ತೋಟಗಳಿಂದಲೇ ಹೋಗುತ್ತಿದ್ದುದರಿಂದ, ಮರಗಳೇ ವಿರಳವಾದ ಅರಬಸ್ಥಾನದ ಹಡಗುಗಳು ಹುಟ್ಟುವುದಕ್ಕೂ ಈ ದಡವೇ ಆಧಾರವಾಗಿದ್ದಿತು. ಹಡಗಿನ ಯಜಮಾನಿಕೆ ನಾಖುದನದು. ಅವನ ಕೈಕೆಳಗೆ ತಾಂಡೇಲ, ಖಲಾಸಿಗಳು. ಮತ್ತೆ ಇತ್ತ ಬರುವಾಗ ಅದೇ ಒಡಲಿನಲ್ಲಿ ಖರ್ಜೂರ, ಉತ್ತತ್ತಿ, ಕುದುರೆ, ಮುತ್ತು, ತಾಮ್ರ. ನಮ್ಮ ಮಂಗಲಕಾರ್ಯಗಳ ತಟ್ಟೆಯಲ್ಲಿ ಉತ್ತತ್ತಿಗೆ ದೊರೆತಿರುವ ಸ್ಥಾನವನ್ನು ನೋಡಿದರೆ ಆ ಮರುಸರಕು ಈ ನಾಡಿನ ಆಚಾರದೊಳಕ್ಕೂ ಎಷ್ಟು ಆಳವಾಗಿ ಇಳಿದಿದೆಯೆಂಬುದು ತಿಳಿಯುವುದು.

ಇಂತಹ ವ್ಯಾಪಾರವು ನಿಂತದ್ದು ನಂಬಿಕೆಯ ಮೇಲೆ. ಆ ನಂಬಿಕೆಯು ಹೇಗೆ ಕೆಲಸ ಮಾಡುತ್ತಿದ್ದಿತೆಂಬುದನ್ನು ಕೈರೋ ನಗರದ ಯೆಹೂದ್ಯ ಮಂದಿರವೊಂದರಲ್ಲಿ ಶತಮಾನಗಳ ಕಾಲ ಉಳಿದುಬಂದ ಕಾಗದಗಳು ತಿಳಿಸುತ್ತವೆ. ಟ್ಯುನೀಸಿಯ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನು 1132ರ ವೇಳೆಗೆ ಮಂಗಳೂರಿನಲ್ಲಿ ನೆಲೆಸಿ, 1149ರಲ್ಲಿ ಏಡನ್ನಿಗೆ ಹಿಂದಿರುಗುವವರೆಗೆ ಬಹುತೇಕ ಇಲ್ಲಿಯೇ ಬಾಳಿದನು. ಇಲ್ಲಿಂದ ಅವನು ಕಬ್ಬಿಣ, ಅಡಕೆ, ಮೆಣಸು, ಏಲಕ್ಕಿ, ಕಂಚಿನ ಪಾತ್ರೆಗಳನ್ನು ಕಳುಹಿಸುವನು. ಏಡನ್ನಿನ ಸ್ನೇಹಿತರು ಅವನಿಗೆ ಬರೆಯಲು ಕಾಗದವನ್ನೂ ತಿನ್ನಲು ಸಕ್ಕರೆ-ದ್ರಾಕ್ಷಿಗಳನ್ನೂ ಕಳುಹಿಸುವರು. ಮಂಗಳೂರಿನ ಕಡೆಯ ಒಬ್ಬ ವರ್ತಕನು ಏಲಕ್ಕಿಗೆಂದು ಮುಂಗಡ ಹಣವನ್ನು ಪಡೆದು ಮಾಲನ್ನು ಕೊಡದೆ ಹೋದಾಗ, ಏಡನ್ನಿನವರು ಅವನನ್ನು ವರ್ತಕಸಮೂಹದಲ್ಲಿ ಹೆಸರುಗೆಡಿಸುವೆವೆಂದು ಎಚ್ಚರಿಸಬೇಕೆಂದು ಬೆನ್ ಯಿಜುವಿಗೆ ಬರೆದರು. ನ್ಯಾಯಸ್ಥಾನವಿಲ್ಲದ ಕಡಲಿನಲ್ಲಿ ಒಳ್ಳೆಯ ಹೆಸರೇ ಮೂಲಧನವಾಗಿದ್ದಿತು. ಬೆನ್ ಯಿಜುವಿನ ವ್ಯವಹಾರದ ಕೆಲಸಕ್ಕಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಬಮ್ಮನೆಂಬ ದಾಸನಿಗೆ ಆ ದೇಶದ ದೊಡ್ಡ ವರ್ತಕರು ತಮ್ಮ ಪತ್ರಗಳಲ್ಲಿ ಕುಶಲವನ್ನು ಹೇಳಿಕಳುಹಿಸಿದುದನ್ನು ಓದುವಾಗ, ಅರಸರ ಶಾಸನಗಳಲ್ಲಿ ಎಂದಿಗೂ ಕಾಣದ ಮಾನವಸಂಬಂಧವೊಂದು ಕಣ್ಣಿಗೆ ಕಟ್ಟುತ್ತದೆ. ಬಾರಕೂರು ಬಸರೂರುಗಳ ಶಾಸನಗಳಲ್ಲಿ ಬರುವ ಹಂಜಮಾನವೆಂಬ ವರ್ತಕಸಂಘ, ಬಸರೂರಿನ ಮೂಡಕೇರಿ ಪಡುವಕೇರಿಗಳ ಸೆಟ್ಟಿಕಾರರು, ಭಟ್ಕಳ ಹೊನ್ನಾವರಗಳಲ್ಲಿ ಬೇರೂರಿದ ನವಾಯತರು, ಇವರೆಲ್ಲರೂ ಇದೇ ನಂಬಿಕೆಯನ್ನು ತಲೆಮಾರಿನಿಂದ ತಲೆಮಾರಿಗೆ ಸಾಗಿಸಿದವರು.

ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಬಂದ ಪ್ರವಾಸಿ ಇಬ್ನ್ ಬತೂತನು ಮಂಗಳೂರಿನಲ್ಲಿ ಪಾರಸಿಕ ಮತ್ತು ಯೆಮನ್ ದೇಶಗಳ ವರ್ತಕರನ್ನೂ ನಾಲ್ಕು ಸಾವಿರದಷ್ಟು ಮುಸಲ್ಮಾನ ನಿವಾಸಿಗಳನ್ನೂ ಕಂಡನು. ಹೊನ್ನಾವರದ ಜನಕ್ಕೆ ಸಾಗುವಳಿಯ ನೆಲವಿಲ್ಲ, ಕಡಲವ್ಯಾಪಾರವೇ ಜೀವನವೆಂದು ಬರೆದ ಆತನು, ಆ ಊರಿನಲ್ಲಿ ಗಂಡುಮಕ್ಕಳ ಇಪ್ಪತ್ತಮೂರು ಪಾಠಶಾಲೆಗಳೂ ಹೆಣ್ಣುಮಕ್ಕಳ ಹದಿಮೂರು ಪಾಠಶಾಲೆಗಳೂ ಇದ್ದುದನ್ನು ಆಶ್ಚರ್ಯದಿಂದ ದಾಖಲೆ ಮಾಡಿದ್ದಾನೆ. ಅಲ್ಲಿನ ದೊರೆಯ ಅತಿಥಿಯಾಗಿದ್ದಾಗ ತಿಂಗಳುಗಟ್ಟಲೆ ರೊಟ್ಟಿಯ ಮುಖವನ್ನು ಕಾಣದೆ ಅನ್ನವನ್ನೇ ಉಂಡು ಬೇಸತ್ತನೆಂಬ ಅವನ ಮಾತು ನಮಗೆ ಈ ದಡದ ನಿಜವಾದ ಐಶ್ವರ್ಯವು ಯಾವುದೆಂಬುದನ್ನು ಆತನಿಗೆ ಅರಿವಿಲ್ಲದೆಯೇ ತಿಳಿಸಿಕೊಡುತ್ತದೆ.

ವಿಜಯನಗರದ ಕಾಲದಲ್ಲಿ ಕುದುರೆಗಳ ದೆಸೆಯಿಂದ ಈ ಸಂಬಂಧಕ್ಕೆ ರಾಜಕೀಯದ ತೂಕವು ಬಂದಿತು. ದಕ್ಷಿಣದ ಹವೆಯಲ್ಲಿ ಒಳ್ಳೆಯ ತಳಿಯ ಕುದುರೆಗಳು ಬಾಳಿ ಬೆಳೆಯಲಾರವಾದುದರಿಂದ ವರ್ಷವರ್ಷವೂ ಹೊಸತಾಗಿ ತರಿಸಲೇಬೇಕು. ಸಾಳುವ ನರಸಿಂಹನು ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಸನು ಬರೆದಿದ್ದಾನೆ. ಹಡಗಿನವನ ನಷ್ಟಭಯವನ್ನು ಕಳೆಯದೆ ಕಡಲವ್ಯಾಪಾರವು ಬೆಳೆಯದೆಂಬ ತತ್ತ್ವವನ್ನು ಆ ಅರಸನು ಚೆನ್ನಾಗಿ ಅರಿತಿದ್ದನು. 1442ರಲ್ಲಿ ಪಾರಸಿಕ ಸುಲ್ತಾನನ ರಾಯಭಾರಿಯಾಗಿ ಹೊರಟ ಅಬ್ದುರ್ ರಜಾಕನು ಹೊರ್ಮುಜಿನಲ್ಲಿ ಗಾಳಿಯ ಕಾಲವು ಮುಗಿಯುವವರೆಗೂ ತಡೆಯಲ್ಪಟ್ಟು, ಮಸ್ಕತ್ತಿನ ಬೇಗೆಯಲ್ಲಿ ಬೆಂದು, ಬಹು ಕಷ್ಟಪಟ್ಟು ಈ ದಡವನ್ನು ಸೇರಿದನು. ಹಿಂದಿರುಗುವಾಗ ಹೊನ್ನಾವರದ ದಾರಿಯನ್ನು ಹಿಡಿದನು. ಋತುವನ್ನು ಮೀರಿ ಹೊರಟವನಿಗೆ ರಾಜಮುದ್ರೆಯೂ ನೆರವಾಗದೆಂಬ ಪಾಠವು ಅವನ ಬರಹದಲ್ಲಿದೆ.

ಪೋರ್ಚುಗೀಸರು ಬಂದಿಳಿದ 1498ರ ತರುವಾಯ ಈ ಕಡಲಿನ ಕಟ್ಟಳೆಗಳನ್ನು ಬಲಾತ್ಕಾರದಿಂದ ಬದಲಿಸುವ ಯತ್ನವು ಮೊದಲಾಯಿತು. ಅಂದಿನವರೆಗೆ ಯಾರೂ ಅಪ್ಪಣೆ ಕೇಳಬೇಕಾಗಿರದ ದಾರಿಯಲ್ಲಿ ಪೋರ್ಚುಗೀಸರು ಕರ್ತಾಜ್ ಎಂಬ ರಹದಾರಿ ಚೀಟಿಯನ್ನು ವಿಧಿಸಿ, ಅದಿಲ್ಲದ ಹಡಗುಗಳನ್ನು ಹಿಡಿದರು, ಸುಟ್ಟರು. 1502ರಲ್ಲಿ ವಾಸ್ಕೋ ಡ ಗಾಮನು ಭಟ್ಕಳದ ಮೇಲೆ ಬಿದ್ದಾಗ ಅಲ್ಲಿನ ಅರಸನಿಂದ ಬೇಡಿದ ಕಪ್ಪವು ಅಕ್ಕಿ ಎಂಬುದು ಅರ್ಥಗರ್ಭಿತವಾದುದು. ಅವರು 1507ರಲ್ಲಿ ಮಸ್ಕತ್ತನ್ನು ಸುಟ್ಟು ವಶಪಡಿಸಿಕೊಂಡರು, 1510ರಲ್ಲಿ ಗೋವೆಯನ್ನು ಹಿಡಿದರು, 1515ರಲ್ಲಿ ಹೊರ್ಮುಜನ್ನು ತಮ್ಮ ಹಿಡಿತಕ್ಕೆ ತಂದುಕೊಂಡರು. ಆದರೆ ಕೋಟೆಗಳನ್ನು ಕಟ್ಟಿದವನಿಗೆ ಕೋಟೆಯೊಳಗಿನವರ ಹೊಟ್ಟೆಯನ್ನು ತುಂಬುವ ಹೊಣೆಯೂ ಬರುತ್ತದೆ. ಗೋವೆಯೂ ಕನ್ನಡ ಕರಾವಳಿಯ ಅಕ್ಕಿಯನ್ನೇ ನೆಚ್ಚಬೇಕಾಯಿತು, ಅಕ್ಕಿಯ ದೋಣಿಗಳು ಯುದ್ಧನೌಕೆಗಳ ಕಾವಲಿನಲ್ಲಿ ಗುಂಪುಗುಂಪಾಗಿ ಸಾಗುವುದು ವಾಡಿಕೆಯಾಯಿತು. 1568 ಮತ್ತು 1569ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಅವರ ಕೋಟೆಗಳು ಎದ್ದುದಕ್ಕೆ ಮೆಣಸಿನ ಆಸೆಯೊಂದಿಗೆ ಈ ಅಕ್ಕಿಯ ಅಗತ್ಯವೂ ಕಾರಣವಾಗಿದ್ದಿತು.

ಹದಿನೇಳನೆಯ ಶತಮಾನವು ಎರಡು ದಡಗಳಲ್ಲಿಯೂ ಏಕಕಾಲದಲ್ಲಿ ಎಂಬಂತೆ ಈ ಬಂಧನವನ್ನು ಸಡಿಲಿಸಿತು. 1622ರಲ್ಲಿ ಹೊರ್ಮುಜ್ ಪೋರ್ಚುಗೀಸರ ಕೈಬಿಟ್ಟಿತು. 1650ರಲ್ಲಿ ಒಮಾನಿನ ಇಮಾಮ ಸುಲ್ತಾನ್ ಬಿನ್ ಸೈಫನು ಅವರನ್ನು ಮಸ್ಕತ್ತಿನಿಂದ ಹೊರದೂಡಿದನು. ಮುಂದಿನ ನಾಲ್ಕೈದು ವರ್ಷಗಳಲ್ಲಿಯೇ ಕೆಳದಿಯ ಶಿವಪ್ಪನಾಯಕನು ಹೊನ್ನಾವರ, ಬಸರೂರು, ಮಂಗಳೂರುಗಳ ಕೋಟೆಗಳನ್ನು ಅವರಿಂದ ಕಸಿದುಕೊಂಡನು. ಇಮಾಮನಿಗೆ ಅಕ್ಕಿ ಬೇಕು, ನಾಯಕನಿಗೆ ಕುದುರೆ ಮತ್ತು ನಾಣ್ಯ ಬೇಕು. ಸಮಾನ ಶತ್ರುವನ್ನು ಎದುರಿಸಿದ ಎರಡು ರಾಜ್ಯಗಳು ವ್ಯಾಪಾರದಲ್ಲಿ ಮಿತ್ರರಾದವು. ಪೋರ್ಚುಗೀಸರು ಸುಮ್ಮನಿರಲಿಲ್ಲ. ಕೆಳದಿಯ ಅರಸರೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ ಅರಬರ ಹಡಗುಗಳಿಗೆ ಬಂದರನ್ನು ತೆರೆಯಬಾರದೆಂಬ ಷರತ್ತನ್ನು ಸೇರಿಸಲು ಅವರು ಹೆಣಗಿದರು. ಈ ತಡೆಗಳಿಂದ ಕೆರಳಿದ ಒಮಾನಿನ ಅರಬರು 1695ರಲ್ಲಿ ಮಂಗಳೂರಿಗೇ ಬಂದು ಬೆಂಕಿಯಿಟ್ಟರು. ಅಕ್ಕಿಯ ದಾರಿಯನ್ನು ಕಟ್ಟಿದರೆ ಎದುರು ದಡದಲ್ಲಿ ಹಸಿವು ಹುಟ್ಟುತ್ತದೆ, ಹಸಿವು ನೆರೆಯವರನ್ನು ಶತ್ರುಗಳನ್ನಾಗಿ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಆ ಬೆಂಕಿಯು ಆರಿದ ಮೇಲೆ ಮತ್ತೆ ಅದೇ ಹಡಗುಗಳು ಅದೇ ಅಳಿವೆಯ ಹೊರಗೆ ಬಂದು ಅಕ್ಕಿಗಾಗಿ ಲಂಗರು ಹಾಕಿದವು.

1763ರಲ್ಲಿ ಕೆಳದಿಯ ಅರಸರ ರಾಜಧಾನಿಯಾದ ಬಿದನೂರು ಹೈದರಾಲಿಯ ವಶವಾದಾಗ ಮಂಗಳೂರಿನೊಡನೆ ಈ ಹಳೆಯ ನಂಟೂ ಮೈಸೂರಿಗೆ ಬಂದಿತು. ಟೀಪು ಸುಲ್ತಾನನು ಇದನ್ನು ಸರಕಾರದ ಉದ್ಯಮವನ್ನಾಗಿಯೇ ಮಾಡಲೆಳಸಿ, ಮಸ್ಕತ್ತಿನಲ್ಲಿ ತನ್ನದೊಂದು ವ್ಯಾಪಾರದ ಕೋಠಿಯನ್ನು ಸ್ಥಾಪಿಸಿದನು; ಅಕ್ಕಿ, ಶ್ರೀಗಂಧ, ಮೆಣಸು, ಏಲಕ್ಕಿಗಳು ಅಲ್ಲಿ ಮಾರಾಟವಾಗುತ್ತಿದ್ದವು. ಆ ಕೋಠಿಯ ದಾರೋಗನಿಗೆ ಆತನು ಬರೆಸಿದ ಪತ್ರಗಳನ್ನು ಕರ್ಕ್‌ಪ್ಯಾಟ್ರಿಕ್ ಎಂಬ ಆಂಗ್ಲ ಅಧಿಕಾರಿಯು ಅನುವಾದಿಸಿ 1811ರಲ್ಲಿ ಪ್ರಕಟಿಸಿದನು. ಬೆಲೆ ಏರುವವರೆಗೆ ಸರಕನ್ನು ಕಾದಿರಿಸುವ ವಿಚಾರದ ಜೊತೆಗೆ ರೇಷ್ಮೆಯ ಹುಳು, ಖರ್ಜೂರದ ಸಸಿ, ಮುತ್ತು ತೆಗೆಯುವ ಮುಳುಗುಗಾರರನ್ನು ಕಳುಹಿಸಿಕೊಡುವ ಅಪೇಕ್ಷೆಯೂ ಅವುಗಳಲ್ಲಿ ಕಾಣುತ್ತದೆ. ನೆರೆಯ ನಾಡಿನಿಂದ ಸರಕನ್ನಷ್ಟೇ ತಂದರೆ ಸಾಲದು, ಕಸಬನ್ನೂ ತರಬೇಕೆಂಬ ದೂರದೃಷ್ಟಿಯು ಅದರಲ್ಲಿದೆ. 1786ರಲ್ಲಿ ತುರ್ಕಿಯ ಸುಲ್ತಾನನ ಬಳಿಗೆ ಹೊರಟ ಅವನ ರಾಯಭಾರವು ತದಡಿಯಿಂದ ಹಡಗನ್ನೇರಿ ಮೊದಲು ಮುಟ್ಟಿದ್ದೂ ಮಸ್ಕತ್ತನ್ನೇ.

1799ರಲ್ಲಿ ಕರಾವಳಿಯು ಆಂಗ್ಲರ ಈಸ್ಟ್ ಇಂಡಿಯ ಕಂಪೆನಿಯ ಆಡಳಿತಕ್ಕೆ ಸೇರಿತು. ಅನಂತರ ಎರಡು ವರ್ಷಗಳೊಳಗೆ ಈ ಪ್ರಾಂತವನ್ನು ಸುತ್ತಿದ, ಕಂಪೆನಿಯ ಸೇವೆಯಲ್ಲಿದ್ದ ಬುಕಾನನ್ನನು ಮಂಗಳೂರಿನಿಂದ ಹೊರಹೋಗುವ ಸರಕುಗಳಲ್ಲಿ ಅಕ್ಕಿಯೇ ಪ್ರಧಾನವೆಂದೂ, ಅದು ಹೋಗುವ ಸ್ಥಳಗಳಲ್ಲಿ ಮಸ್ಕತ್ತು ಒಂದೆಂದೂ ಕಂಡುಕೊಂಡನು. ಆದರೆ ಆ ಶತಮಾನದ ಉತ್ತರಾರ್ಧವು ಬೇರೆಯ ಕಾಲ. 1852ರಲ್ಲಿ ಕೆಳಬರ್ಮವು ಆಂಗ್ಲರ ಕೈಸೇರಿದ ಮೇಲೆ ರಂಗೂನಿನ ಅಕ್ಕಿಯು ಲೋಕದ ಪೇಟೆಗಳಿಗೆ ಹರಿದು ಬಂದಿತು. 1862ರಿಂದ ಮುಂಬಯಿ ಕರಾಚಿಗಳಿಂದ ಪಾರಸಿಕ ಖಾರಿಗೆ ಟಪಾಲಿನ ಉಗಿಹಡಗುಗಳು ನಿಯತವಾಗಿ ಓಡತೊಡಗಿದವು. ಗಾಳಿಯನ್ನು ಕಾಯದ ಆ ಹಡಗುಗಳು ಮರಳದಿಣ್ಣೆಯ ಅಳಿವೆಗಳ ಕಡೆಗೆ ತಿರುಗಿ ನೋಡಲಿಲ್ಲ. ದೊಡ್ಡ ಬಂದರುಗಳು ಇನ್ನಷ್ಟು ದೊಡ್ಡವಾದವು, ಬಸರೂರು ಬಾರಕೂರುಗಳಂತಹವು ಹಳ್ಳಿಗಳಾದವು. ಯಾವ ಯುದ್ಧವೂ ಮುರಿಯಲಾರದ ನಂಟನ್ನು ಅಗ್ಗದ ಸಾಗಣೆಯು ಸದ್ದಿಲ್ಲದೆ ಸಡಿಲಿಸಿತು.

ಈ ವ್ಯಾಪಾರವನ್ನು ಕೊಂಡಾಡುವಾಗ ಅದರ ಭಾರವನ್ನು ಹೊತ್ತವರನ್ನು ಮರೆತರೆ ಚರಿತ್ರೆಯು ಅಸತ್ಯವಾಗುತ್ತದೆ. ಹಡಗಿಗೇರಿದ ಮುಡಿಯು ಮೊದಲು ಗೇಣಿಯಾಗಿ ಒಕ್ಕಲಿನ ಮನೆಯಿಂದ ಹೊರಟುದು. ಅದನ್ನು ಬೆಳೆದ ಕೈಗಳಲ್ಲಿ, ಭೂಮಿಯೊಡನೆಯೇ ಲೆಕ್ಕಕ್ಕೆ ಬರುತ್ತಿದ್ದ ಮೂಲದಾಳುಗಳ ಕೈಗಳು ಅಸಂಖ್ಯ. ಅಂತಹ ದಾಸ್ಯವು ಈ ಕರಾವಳಿಯಲ್ಲಿ ಇದ್ದುದಕ್ಕೆ ಬುಕಾನನ್ನನ ಬರಹವೇ ಸಾಕ್ಷಿ. ಬೆಳೆದವನ ಪಾಲಿಗೆ ಗಂಜಿಯ ತೆಳಿ ಉಳಿದು, ಅವನ ಅಕ್ಕಿಯು ಕಡಲನ್ನು ದಾಟಿ ಕುದುರೆಯಾಗಿ, ಹೊನ್ನಾಗಿ, ಕಂದಾಯವಾಗಿ ಧಣಿಯ ಮತ್ತು ದೊರೆಯ ಮನೆಗೆ ಹಿಂದಿರುಗಿತು. ಎರಡು ನಾಡುಗಳ ನಡುವೆ ನ್ಯಾಯವಾಗಿ ನಡೆದ ಕೊಳುಕೊಡೆಯು ಒಂದೇ ಊರಿನ ಎರಡು ಮನೆಗಳ ನಡುವೆ ನ್ಯಾಯವಾಗಿರಲಿಲ್ಲವೆಂಬುದನ್ನು ನೋವಿನಿಂದಲಾದರೂ ಒಪ್ಪಿಕೊಳ್ಳಬೇಕು.

ಆದುದರಿಂದ ಕರಾವಳಿಯ ವಾಣಿಜ್ಯದ ಚರಿತ್ರೆಯನ್ನು ಬರೆಯಹೊರಡುವವರು ಪರದೇಶದ ಪ್ರವಾಸಿಗಳ ಗ್ರಂಥಗಳಿಗೂ ಕಂಪೆನಿಯ ದಫ್ತರಗಳಿಗೂ ಕೈಯಿಕ್ಕುವುದರೊಡನೆ, ನಮ್ಮ ಮಠ, ದೇವಸ್ಥಾನ, ಬೀಡು, ಗುತ್ತುಗಳ ಅಟ್ಟದ ಮೇಲೆ ಧೂಳು ಹಿಡಿದಿರುವ ಗೇಣಿಯ ಲೆಕ್ಕಗಳನ್ನೂ ಕಡತಗಳನ್ನೂ ಬಿಚ್ಚಿ ಓದಬೇಕೆಂದು ನನ್ನ ಪ್ರಾರ್ಥನೆ. ಯಾವ ಬೈಲಿನಿಂದ ಎಷ್ಟು ಮುಡಿ, ಯಾರ ದುಡಿಮೆಯಿಂದ, ಯಾವ ಬಂದರಿಗೆ ಇಳಿಯಿತೆಂಬುದನ್ನು ತಿಳಿಯಲು ಬೇರೆ ದಾರಿಯಿಲ್ಲ. ಮೆಣಸು ಕುದುರೆಗಳ ಕಥೆಯಲ್ಲಿ ನಮ್ಮ ಪಾತ್ರವು ಮಾರುವವನದೋ ಕೊಳ್ಳುವವನದೋ ಮಾತ್ರ. ಅಕ್ಕಿಯ ಕಥೆಯಲ್ಲಿ ನಾವು ಒಂದು ನೆರೆನಾಡನ್ನು ಉಣಿಸಿದವರು, ಅದರ ಹಡಗುಗಳ ದಾರಿಯನ್ನು ವರ್ಷವರ್ಷವೂ ಕಾದವರು. ಇಂತಹ ಸಂಬಂಧವು ಅರಸರ ಒಪ್ಪಂದಗಳಿಗಿಂತ ಹೆಚ್ಚು ಕಾಲ ಬಾಳಿತೆಂಬುದೇ ನೆರೆಹೊರೆಯ ದೇಶಗಳು ಇಂದೂ ಮನಗಾಣಬೇಕಾದ ಪಾಠ: ಒಬ್ಬರ ಉಣಿಸು ಇನ್ನೊಬ್ಬರ ಹೊಣೆಯಾಗಿರುವ ಕಡೆಯಲ್ಲಿ ಶಾಂತಿಗೆ ಬುಡ ಗಟ್ಟಿಯಾಗಿರುತ್ತದೆ.